ಸೋವಿಯತ್ ಒಕ್ಕೂಟದ ಮಾತೃತ್ವ ಪದಕ: ಗೌರವ ಮತ್ತು ಎಣಿಕೆ

ಮಕ್ಕಳನ್ನು ಹೆತ್ತು ಸಾಕುವುದನ್ನು ನಾಡಿನ ಸೇವೆಯೆಂದು ಪರಿಗಣಿಸಿ, ಸೋವಿಯತ್ ಒಕ್ಕೂಟವು 1944ರ ಜುಲೈ 8ರ ಆದೇಶದ ಮೂಲಕ ಮಾತೃತ್ವ ಪದಕವನ್ನು ಸ್ಥಾಪಿಸಿತು. ಐದು ಮಕ್ಕಳ ತಾಯಿಗೆ ಕಂಚು, ಆರು ಮಕ್ಕಳ ತಾಯಿಗೆ ಬೆಳ್ಳಿ; ಹತ್ತು ಮಕ್ಕಳಾದರೆ ‘ವೀರಮಾತೆ’ ಬಿರುದು. ಹಿರಿಯರ ಬಾಯಲ್ಲಿ ಹರಕೆಯಾಗಿದ್ದ ಸಂತಾನಸಮೃದ್ಧಿಯನ್ನು ಯುದ್ಧದಲ್ಲಿ ಜನರನ್ನು ಕಳೆದುಕೊಂಡ ಪ್ರಭುತ್ವವು ಲೆಕ್ಕದ ಪುಸ್ತಕಕ್ಕೆ ಇಳಿಸಿತೆನ್ನಬಹುದು. ರಣರಂಗದಲ್ಲಿ ಮಡಿದ ಮಕ್ಕಳೂ ಆ ಎಣಿಕೆಗೆ ಸೇರುತ್ತಿದ್ದರು. ಮೊದಲ ವೀರಮಾತೆ ಅನ್ನಾ ಅಲೆಕ್ಸಾಖಿನಾ ಹನ್ನೆರಡು ಮಕ್ಕಳ ತಾಯಿ. ಯುದ್ಧಕ್ಕೆ ಹೋದ ಎಂಟು ಗಂಡುಮಕ್ಕಳಲ್ಲಿ ನಾಲ್ವರು ಹಿಂತಿರುಗಲಿಲ್ಲ.

ಪದಕದ ಹೊಳಪಿನಲ್ಲಿ ಅದೇ ಆದೇಶದ ಮತ್ತೊಂದು ಅಂಶ ಮರೆಯಾಗಬಾರದು. ಅವಿವಾಹಿತ ತಾಯಿಯು ಮಗುವಿನ ಪಿತೃತ್ವ ಮತ್ತು ಜೀವನಾಂಶಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅದು ಕಿತ್ತುಕೊಂಡಿತು. ಆ ಹಕ್ಕು ಮರಳಿದ್ದು 1968ರ ಕೌಟುಂಬಿಕ ಕಾನೂನಿನಿಂದ; ಅದೂ ಷರತ್ತುಗಳೊಡನೆ.