ಕ್ಯಾಸನೂರಿನ ಉಣ್ಣಿ

ನಮ್ಮ ಸಂತಪುರದ ಕಡೆ ದೇವಣಿ ಎತ್ತುಗಳ ಕಿವಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿಯನ್ನು ಕಾಣದ ರೈತನಿಲ್ಲ. ಕಿತ್ತುಹಾಕಿ ಮರೆಯುತ್ತೇವೆ. ಅದರ ಬಳಗದ್ದೇ ಆದ ಒಂದು ಕಾಡು ಉಣ್ಣಿ ಮಲೆನಾಡಿನಲ್ಲಿ ಮನುಷ್ಯನ ಮಿದುಳಿನವರೆಗೂ ರೋಗ ಮುಟ್ಟಿಸಿದೆ. ಮಂಗನ ಕಾಯಿಲೆ ಎಂಬ ಹೆಸರನ್ನು ನೀವೆಲ್ಲರೂ ಕೇಳಿರುತ್ತೀರಿ. ಅದಕ್ಕಿರುವ ರಷ್ಯದ ನಂಟು ಮಾತ್ರ ಹಲವರಿಗೆ ಹೊಸದು.

1957ರ ಬೇಸಿಗೆ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಕೆಲವೇ ತಿಂಗಳಾಗಿತ್ತು. ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದ ವಿಜ್ಞಾನಿಗಳು ಬಂದರು. ಅವರ ಮೊದಲ ಅನುಮಾನ ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯುವುದು ಆ ಜ್ವರದ ಮುನ್ಸೂಚನೆ. ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿಯೂ ಉಂಟು. ಭಾರತಕ್ಕೆ ಅದು ಬಂದಿದ್ದರೆ ಅನಾಹುತವೇ ಆಗುತ್ತಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ: ರಷ್ಯದ ವಸಂತ-ಬೇಸಿಗೆ ಮಿದುಳುಜ್ವರದ ವೈರಾಣುವಿನ ಸಮೀಪದ ಬಂಧು.

ಆ ರಷ್ಯದ ರೋಗವನ್ನು 1937ರಲ್ಲಿ ಲೆವ್ ಜಿಲ್ಬರ್ ಅವರ ತಂಡ ದೂರಪೂರ್ವದ ಕಾಡುಗಳಲ್ಲಿ ಗುರುತಿಸಿತ್ತು. ಅದನ್ನು ಹರಡುವುದೂ ಉಣ್ಣಿಯೇ. ಬದುಕಿ ಉಳಿದ ಕೆಲವರಿಗೆ ಕುತ್ತಿಗೆ, ಭುಜ, ತೋಳುಗಳು ಶಾಶ್ವತವಾಗಿ ಸೋತುಹೋಗುತ್ತಿದ್ದವು. ಕೈಕಾಲು ಎಡೆಬಿಡದೆ ಅದುರುವ ಒಂದು ಬಗೆಯ ಅಪಸ್ಮಾರವನ್ನು ಕೊಝೆವ್ನಿಕೊವ್ ಎಂಬ ವೈದ್ಯರು 1894ರಲ್ಲೇ ವರ್ಣಿಸಿದ್ದರು. ಅಂಥ ಎಷ್ಟೋ ಪ್ರಕರಣಗಳಿಗೆ ಮೂಲ ಈ ಉಣ್ಣಿಜ್ವರವೆಂಬುದು ಆಮೇಲೆ ತಿಳಿಯಿತು.

ನಮ್ಮ ಕ್ಯಾಸನೂರಿನ ವೈರಾಣು ಅಷ್ಟು ಕ್ರೂರಿಯಲ್ಲ. ವಿಪರೀತ ಜ್ವರ, ತಲೆನೋವು, ಮೈಕೈ ಸೆಳೆತ, ಕೆಲವರಲ್ಲಿ ರಕ್ತಸ್ರಾವ. ಜ್ವರ ಬಿಟ್ಟು ವಾರವೋ ಎರಡು ವಾರವೋ ಆದಮೇಲೆ ಕೆಲವರಿಗೆ ಮರಳಿ ಬರುತ್ತದೆ. ಆಗ ಕುತ್ತಿಗೆ ಬಿಗಿತ, ನಡುಕ, ಮಂಕು. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಉಳಿದವರಲ್ಲಿ ಬಹುಪಾಲು ಪೂರ್ಣ ಗುಣವಾದರೂ ನಿಶ್ಶಕ್ತಿ ವಾರಗಟ್ಟಲೆ ಬಿಡದು. ಕೂಲಿಯವನಿಗೆ ಅದೇನು ಸಣ್ಣ ಮಾತೆ? ವರದಿಗಳು ಜ್ವರ ಬಂದವರನ್ನೂ ಸತ್ತವರನ್ನೂ ಎಣಿಸಿದಷ್ಟು ಶ್ರದ್ಧೆಯಿಂದ, ಎರಡನೆಯ ಜ್ವರ ದಾಟಿ ಮನೆಗೆ ಹೋದವರನ್ನು ವರ್ಷಗಳ ಮೇಲೆ ಹುಡುಕಿ ವಿಚಾರಿಸಿಲ್ಲ. ರಷ್ಯದ ಉದಾಹರಣೆ ಕಣ್ಣಮುಂದಿರುವಾಗ ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹಾಗೆಂದು ಪ್ರತಿಯೊಂದು ನರದೌರ್ಬಲ್ಯವನ್ನೂ ಉಣ್ಣಿಯ ತಲೆಗೆ ಕಟ್ಟುವುದೂ ವಿಜ್ಞಾನವಲ್ಲ.

ರೋಗ ಹಬ್ಬಿದ ಬಗೆಯನ್ನು ಹೊರ್ಹೆ ಬೊಷೆಲ್ ಎಂಬ ಕೊಲಂಬಿಯದ ವಿಜ್ಞಾನಿ ಚೆನ್ನಾಗಿ ವಿವರಿಸಿದರು. ಕಾಡು ಕಡಿದು ಊರು ಬೆಳೆಯಿತು, ದನಗಳು ಕಾಡಿಗೆ ಮೇಯಲು ಹೋದವು, ಅವುಗಳ ರಕ್ತ ಕುಡಿದು ಉಣ್ಣಿಗಳ ಸಂತತಿ ಹೆಚ್ಚಿತು. ಸತ್ತ ಮಂಗದಿಂದ ಉದುರಿದ ಸೋಂಕಿನ ಉಣ್ಣಿಗಳಿಗೆ ಸೌದೆಗೆ, ತರಗೆಲೆಗೆ ಹೋದ ಬಡವರು ಸಿಕ್ಕರು.

ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಸಾಗರ, ತೀರ್ಥಹಳ್ಳಿಗಳ ಕಡೆ ನೌಕರಿಯಲ್ಲಿರುವ ನನ್ನ ವಿದ್ಯಾರ್ಥಿಗಳು ನವೆಂಬರಿನಿಂದ ಮೇ ತನಕ ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಬಂದೊಡನೆ ಬಿಸಿನೀರಿನ ಸ್ನಾನ ಮಾಡಬೇಕು. ಆ ಕಾಲದಲ್ಲಿ ಕಚ್ಚುವ ಮರಿ ಉಣ್ಣಿ ಎಳ್ಳಿನ ಕಾಳಿಗಿಂತ ದೊಡ್ಡದಲ್ಲ.