ಹಿಂದಿನವರು ಇಟ್ಟ ಹೆಸರು

ಬಾರಾಮತಿಯೆಂದರೆ ಪುಣೆಯ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಕಬ್ಬು, ಸಕ್ಕರೆ ಮತ್ತು ರಾಜಕಾರಣ. ಮರಾಠಿ ಬಲ್ಲವರಿಗೆ ಇನ್ನೊಂದು ನೆನಪೂ ಉಂಟು. ಆರ್ಯಾ ಛಂದಸ್ಸಿನಲ್ಲಿ ಪಳಗಿದ ಪಂಡಿತಕವಿ ಮೋರೋಪಂತರು (1729–1794) ಬಾಳಿ ಬರೆದ ಊರು ಅದು. ಆದ್ದರಿಂದ, ಅಲ್ಲಿ ವೈದ್ಯಕೀಯ ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ, “ಮಾಮ, ನನಗೆ ಲಿಟರೇಚರ್ ಹುಡುಕೋ ಕೆಲಸ ಕೊಟ್ಟಿದ್ದಾರೆ” ಎಂದದ್ದಕ್ಕೆ, “ಮೋರೋಪಂತರ ಊರಲ್ಲಿದ್ದುಕೊಂಡು ನನ್ನನ್ನು ಕೇಳ್ತೀಯಲ್ಲೇ!” ಎಂದು ನಾನು ನಕ್ಕುಬಿಟ್ಟೆ.

ಅವಳು ಹೇಳಿದ ಸಾಹಿತ್ಯ ಬೇರೆ. ಒಂದು ರೋಗದ ಬಗ್ಗೆ ಸಂಶೋಧನೆಗೆ ಕೈ ಹಾಕುವ ಮುನ್ನ, ಆ ವಿಷಯದಲ್ಲಿ ಹಿಂದಿನವರು ಏನೇನು ಬರೆದಿಟ್ಟಿದ್ದಾರೆ ಎಂಬುದನ್ನೆಲ್ಲ ಹುಡುಕಿ ಓದಬೇಕು. ಅವಳು ಆರಿಸಿಕೊಂಡಿದ್ದ ವಿಷಯ ಮಂಗನ ಕಾಯಿಲೆ. ನಮ್ಮ ಮೂಲ ಸಾಗರದ ಕಡೆಯದಾದ್ದರಿಂದ ಆ ಆಯ್ಕೆ ನನಗೆ ಆಶ್ಚರ್ಯವೆನಿಸಲಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಆ ದಿಕ್ಕಿಗೆ ಸೊಪ್ಪು ಸೌದೆಗೆ ಹೋಗಬಾರದೆಂದು ನಮ್ಮ ತಾಯಿ ಹೇಳುತ್ತಿದ್ದುದನ್ನು ಕೇಳಿ ಬೆಳೆದವರು ನಾವು.

ಹುಡುಗಿ ಲ್ಯಾಪ್‌ಟಾಪ್ ತೆರೆದು, ರೋಗದ ಹೆಸರು, ‘ಲಸಿಕೆ’, ‘ಶಿವಮೊಗ್ಗ’, ‘ಕರ್ನಾಟಕ’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಒಟ್ಟಿಗೆ ಹಾಕಿ ಹುಡುಕಿದಳು. ಕೆಲವು ಲೇಖನಗಳು ಬಂದವು, ಎಲ್ಲವೂ ಈಚಿನವು. “ನೋಡು ಮಾಮ, ಮೊದಮೊದಲು ಲಸಿಕೆಯ ವಿಚಾರ ಯಾರೂ ಬರೆದೇ ಇಲ್ಲ” ಎಂದಳು. ಆಯುಷ್ಯದ ಬಹುಭಾಗವನ್ನು ಗ್ರಂಥಾಲಯದ ಕಪಾಟುಗಳ ನಡುವೆ ಕಳೆದ ನನಗೆ ಆ ಮಾತು ಚುಚ್ಚಿತು. ಸಿಗಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಆ ಅಂತರದ ಕಥೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇಂದು ವೈದ್ಯಕೀಯ, ಶುಶ್ರೂಷೆ, ಔಷಧಶಾಸ್ತ್ರ ಓದುವ ಮಕ್ಕಳಿದ್ದಾರೆ; ಅವರಿಗೂ ಇದು ಉಪಯೋಗವಾದೀತು.

ಈ ಕಥೆ ಆರಂಭವಾಗುವುದು ಒಬ್ಬ ವಿದ್ಯಾರ್ಥಿಯ ಪಾಡಿನಿಂದಲೇ. ಅಮೆರಿಕದ ಒಹಾಯೊ ಪ್ರಾಂತದಲ್ಲಿ 1860ರಲ್ಲಿ ಜಾನ್ ಶಾ ಬಿಲಿಂಗ್ಸ್ ಎಂಬ ತರುಣ ವೈದ್ಯ ಪದವಿಗಾಗಿ ಒಂದು ಪ್ರಬಂಧ ಬರೆಯಬೇಕಾಗಿತ್ತು. ವಿಷಯ, ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ. ಹಿಂದೆ ಎಷ್ಟು ಮಂದಿಗೆ ಆ ಚಿಕಿತ್ಸೆ ಆಗಿತ್ತು, ಎಷ್ಟು ಮಂದಿ ಗುಣವಾದರು ಎಂದು ತಿಳಿಯಲು ಅವನು ಊರೂರಿನ ಗ್ರಂಥಾಲಯಗಳನ್ನು ಅಲೆದು, ತಿಂಗಳುಗಟ್ಟಲೆ ಕುಳಿತು ನೂರಾರು ಸಂಪುಟಗಳ ಪುಟ ತಿರುವಿದ. ಬೇಕಾದುದು ಎಲ್ಲೋ ಅಚ್ಚಾಗಿದೆ, ಆದರೆ ಎಲ್ಲಿದೆಯೆಂದು ಹೇಳುವವರಿಲ್ಲ. ಆ ಬವಣೆಯನ್ನು ಅವನು ಮರೆಯಲಿಲ್ಲ.

ಮುಂದೆ ಬಿಲಿಂಗ್ಸ್ ಸೈನ್ಯದ ವೈದ್ಯನಾಗಿ, 1865ರಲ್ಲಿ ವಾಷಿಂಗ್ಟನ್ನಿನ ಸರ್ಜನ್ ಜನರಲ್ ಕಚೇರಿಯ ಪುಸ್ತಕಭಂಡಾರದ ಹೊಣೆ ಹೊತ್ತಾಗ ಅಲ್ಲಿದ್ದುದು ಸುಮಾರು 2,000 ಪುಸ್ತಕಗಳು. ಮೂವತ್ತು ವರ್ಷಗಳಲ್ಲಿ ಅದನ್ನು ಲಕ್ಷಕ್ಕೂ ಮೀರಿ ಬೆಳೆಸಿದರು. ಅದಕ್ಕಿಂತ ದೊಡ್ಡ ಕೆಲಸವೆಂದರೆ ರಾಬರ್ಟ್ ಫ್ಲೆಚರ್ ಅವರೊಡನೆ 1879ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಹೊರಡಿಸಿದ್ದು. ಲೋಕದ ವೈದ್ಯ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ವಿಷಯವಾರು ವಿಂಗಡಿಸಿ, ಯಾವ ಪತ್ರಿಕೆ, ಯಾವ ಪುಟ ಎಂದು ತೋರಿಸುವ ಸೂಚಿ ಅದು. ಮುದ್ರಿತ ರೂಪದಲ್ಲಿ ಅದು 2004ರವರೆಗೂ ನಡೆಯಿತು. ಬಿಲಿಂಗ್ಸರ ಪುಸ್ತಕಭಂಡಾರವೇ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. ಒಬ್ಬ ವಿದ್ಯಾರ್ಥಿಯ ಬೇಸರ ನೂರಿಪ್ಪತ್ತೈದು ವರ್ಷಗಳ ಉಪಕಾರವಾಗಿ ಫಲಿಸಿತೆನ್ನಬಹುದು.

ಇನ್ನು ನಮ್ಮ ಊರುಗಳ ಕಡೆ ಬರೋಣ. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಐದು ವರ್ಷಗಳ ತರುವಾಯ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿವೆ, ಹಳ್ಳಿಯ ಜನಕ್ಕೂ ವಿಪರೀತ ಜ್ವರ ಬರುತ್ತಿದೆ ಎಂಬ ಸುದ್ದಿ ಬಂದಿತು. ಪುಣೆಯಿಂದ ತಜ್ಞರ ತಂಡ ಹೊರಟಿತು.

ಮಂಗಗಳು ಸಾಯುತ್ತಿವೆಯೆಂದಾಗ ತಜ್ಞರ ಮನಸ್ಸಿನಲ್ಲಿ ಮೊದಲು ಮೂಡಿದ ಶಂಕೆ ಪೀತಜ್ವರದ್ದು. ಆಫ್ರಿಕ, ದಕ್ಷಿಣ ಅಮೆರಿಕಗಳ ಆ ಪಿಡುಗು ಭಾರತದಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲ. ಬಂದಿದ್ದರೆ ಅನಾಹುತವೇ ಸರಿ. ಆದರೆ ಪರೀಕ್ಷೆಯಲ್ಲಿ ಸಿಕ್ಕ ವೈರಸ್ಸು ಬೇರೆ. ಅದರ ಬಂಧುಗಳು ದೂರದ ರಷ್ಯದ ಚಳಿಕಾಡುಗಳಲ್ಲಿ ಉಣ್ಣೆಗಳ ಮೂಲಕ ಹರಡುವ ಮಿದುಳುಜ್ವರದ ವೈರಸ್ಸುಗಳು. ಮಲೆನಾಡಿನ ಜ್ವರಕ್ಕೂ ಸೈಬೀರಿಯದ ಜ್ವರಕ್ಕೂ ನಂಟಿದೆಯೆಂದು ಗುರುತಿಸಬೇಕಾದರೆ, ರಷ್ಯದ ರೋಗದ ಬಗ್ಗೆ ಮೊದಲೇ ನಡೆದಿದ್ದ ಕೆಲಸದ ಅರಿವು ಬೇಕಾಗಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರಿಗೆ ಅದು ಇತ್ತು. ಅದೇ ವರ್ಷ ಭಾರತದ ವೈದ್ಯ ಪತ್ರಿಕೆಯಲ್ಲಿ ಮೊದಲ ವರದಿ ಅಚ್ಚಾಯಿತು. ಕ್ಯಾಸನೂರಿನ ಹೆಸರು ಲೋಕದ ವೈದ್ಯಗ್ರಂಥಗಳಿಗೆ ಸೇರಿತು.

ಆ ನಂಟನ್ನು ಹಿಡಿದು ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಇಟ್ಟರು. ರಷ್ಯದ ಜ್ವರಕ್ಕಾಗಿ ತಯಾರಾಗಿದ್ದ ಲಸಿಕೆ ನಮ್ಮ ಮಲೆನಾಡಿಗರನ್ನೂ ಕಾಪಾಡಬಹುದೇ ಎಂದು ಅದನ್ನು ಆ ಹಳ್ಳಿಗಳಲ್ಲಿ ಕೊಟ್ಟು ನೋಡಿದರು. ಅದು ಫಲಿಸಲಿಲ್ಲ. ಆ ಪ್ರಯೋಗದ ವರದಿಗಳು 1962ರಲ್ಲಿ ಪ್ರಕಟವಾದವು. ಮುಂದೆ ಈ ರೋಗಕ್ಕೇ ಪ್ರತ್ಯೇಕ ಲಸಿಕೆ ತಯಾರಾಗಿ, 1990ರ ಸುಮಾರಿನಿಂದ ಕರ್ನಾಟಕದಲ್ಲಿ ಬಳಕೆಯಲ್ಲಿತ್ತು. ಅದರ ಶಕ್ತಿ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಈಗ ಹೊಸದೊಂದನ್ನು ರೂಪಿಸುವ ಪ್ರಯತ್ನ ನಡೆದಿರುವಾಗ 1962ರ ಆ ವರದಿಗಳು ಹಳೆಯ ಕಾಗದವಲ್ಲ. ಒಂದು ದಾರಿ ಮುಚ್ಚಿದೆಯೆಂದು ಹಿಂದೆ ಹೋದವರು ನೆಟ್ಟ ಗುರುತುಗಂಬ.

ಹಾಗಾದರೆ ನಮ್ಮ ಹುಡುಗಿಗೆ ಅವು ಏಕೆ ಸಿಗಲಿಲ್ಲ? ಅವುಗಳಲ್ಲಿ ಒಂದರ ಶೀರ್ಷಿಕೆಯನ್ನೇ ನೋಡಿರಿ. ಅದರಲ್ಲಿ ‘ಕರ್ನಾಟಕ’ ಎಂಬ ಮಾತಿಲ್ಲ. ಇರುವುದು ‘ಮೈಸೂರು ರಾಜ್ಯ’. ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು ತಾನೆ! ‘ಶಿವಮೊಗ್ಗ’ವೂ ಇಲ್ಲ, ಇರುವುದು ‘ಶಿಮೋಗ’. ಇಂಗ್ಲಿಷಿನಲ್ಲಿ ಆ ಹೆಸರು ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಲಸಿಕೆಗೂ ರಷ್ಯದ ವಸಂತ–ಬೇಸಗೆ ಮಿದುಳುಜ್ವರದ ಹೆಸರೇ ಇದೆ. ಪುಣೆಯ ಸಂಸ್ಥೆಯೂ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಊರು, ನಾಡು, ರೋಗದ ಕುಲ, ಬರೆದ ಸಂಸ್ಥೆ, ಎಲ್ಲದರ ಹೆಸರೂ ಬದಲಾಗಿದೆ. ಗಣಕಯಂತ್ರ ಕೇಳಿದ ಹೆಸರನ್ನು ಮಾತ್ರ ಹುಡುಕುತ್ತದೆ. ಹಿಂದಿನವರು ಇಟ್ಟಿದ್ದ ಹೆಸರು ಯಾವುದೆಂದು ನಾವೇ ತಿಳಿದು ಕೇಳಬೇಕು.

ಹೆಸರುಗಳ ಈ ತೊಡಕನ್ನು ಬಿಡಿಸಲು ದುಡಿದವರಲ್ಲಿ ಭಾರತೀಯರೊಬ್ಬರ ಸ್ಥಾನ ದೊಡ್ಡದು. ಗ್ರಂಥಾಲಯ ವಿಜ್ಞಾನದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ತಮಿಳುನಾಡಿನವರಾದರೂ ಕೊನೆಯ ಹದಿನೈದು ವರ್ಷ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಯಾವ ವಿಷಯವನ್ನಾದರೂ ಅದರ ಮುಖಗಳಾಗಿ ಬಿಡಿಸಬೇಕೆಂಬುದು ಅವರ ಕ್ರಮ: ವಸ್ತು ಯಾವುದು, ನಡೆದ ಕ್ರಿಯೆ ಯಾವುದು, ಯಾವ ಸ್ಥಳ, ಯಾವ ಕಾಲ. ಇಂದು ವೈದ್ಯ ವಿದ್ಯಾರ್ಥಿಗಳಿಗೆ, ರೋಗಿ ಯಾರು, ಚಿಕಿತ್ಸೆ ಏನು, ಯಾವುದರೊಡನೆ ಹೋಲಿಕೆ, ಫಲವೇನು ಎಂದು ಪ್ರಶ್ನೆಯನ್ನು ನಾಲ್ಕು ತುಂಡು ಮಾಡಲು ಕಲಿಸುತ್ತಾರೆ. ಎರಡರ ಜಾಡೂ ಒಂದೇ.

ಅಮೆರಿಕದ ಗ್ರಂಥಾಲಯವೂ 1960ರಲ್ಲಿ ವೈದ್ಯಕೀಯ ವಿಷಯಪದಗಳ ಪಟ್ಟಿಯೊಂದನ್ನು ಗೊತ್ತುಪಡಿಸಿತು. ಲೇಖಕ ಯಾವ ಪದ ಬಳಸಿದರೂ, ಸೂಚಿಕಾರ ಅದನ್ನು ಒಂದೇ ಗೊತ್ತಾದ ಹೆಸರಿನಡಿ ಸೇರಿಸುತ್ತಾನೆ. ಸೂಚಿ 1964ರಲ್ಲಿ ಗಣಕಯಂತ್ರಕ್ಕೆ ಏರಿತು. 1971ರಲ್ಲಿ ದೂರವಾಣಿ ತಂತಿಯ ಮೂಲಕ ದೂರದೂರುಗಳಿಂದ ಹುಡುಕಬಲ್ಲ ‘ಮೆಡ್‌ಲೈನ್’ ಆಯಿತು. 1997ರಲ್ಲಿ ‘ಪಬ್‌ಮೆಡ್’ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಉಚಿತವಾಗಿ ತೆರೆಯಿತು. ಬಾರಾಮತಿಯ ವಿದ್ಯಾರ್ಥಿನಿಗೂ ಬಾಸ್ಟನ್ನಿನ ಪ್ರಾಧ್ಯಾಪಕನಿಗೂ ಅಂದಿನಿಂದ ಒಂದೇ ಬಾಗಿಲು.

ಬಾಗಿಲು ತೆರೆದದ್ದೇ ಎಲ್ಲವೂ ಕೈಗೆ ಬಂದಿತೆಂಬ ಭ್ರಮೆಯೂ ಹುಟ್ಟಿತು. ಅದರ ಬೆಲೆ ಎಷ್ಟೆಂಬುದು 2001ರಲ್ಲಿ ತಿಳಿಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸದ ಬಗೆಗಿನ ಪ್ರಯೋಗವೊಂದಕ್ಕೆ 24 ವರ್ಷದ ಆರೋಗ್ಯವಂತ ಯುವತಿಯೊಬ್ಬಳು ಸ್ವಇಚ್ಛೆಯಿಂದ ಮುಂದೆ ಬಂದಳು. ಹೆಕ್ಸಮೆಥೋನಿಯಂ ಎಂಬ ಔಷಧವನ್ನು ಅವಳಿಗೆ ಉಸಿರಿನೊಡನೆ ಕೊಡಲಾಯಿತು. ಶ್ವಾಸಕೋಶ ಕೆಟ್ಟು, ಜೂನ್ ತಿಂಗಳಲ್ಲಿ ಅವಳು ಸತ್ತಳು. ಸಂಶೋಧಕರು ಮೊದಲೇ ಪಬ್‌ಮೆಡ್‌ನಲ್ಲಿ ಹುಡುಕಿದ್ದರು, ಪಠ್ಯಪುಸ್ತಕಗಳನ್ನೂ ನೋಡಿದ್ದರು. ಆದರೆ ಅಂದಿನ ಪಬ್‌ಮೆಡ್ 1966ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯುಂಟೆಂಬ ವರದಿಗಳು 1950ರ ದಶಕದಲ್ಲೇ ಬಂದಿದ್ದವು. ಅವು ಹಳೆಯ ಮುದ್ರಿತ ಸಂಪುಟಗಳಲ್ಲಿ, ಬಿಲಿಂಗ್ಸರು ಆರಂಭಿಸಿದ ಸೂಚಿಯ ಪುಟಗಳಲ್ಲಿ, ಯಾರಾದರೂ ಬಂದು ತಿರುವಲೆಂದು ಕಾದಿದ್ದವು. ಜುಲೈಯಲ್ಲಿ ಅಲ್ಲಿನ ಸರಕಾರ ಆ ವಿಶ್ವವಿದ್ಯಾಲಯದಲ್ಲಿ ತನ್ನ ಹಣದಿಂದ ನಡೆಯುತ್ತಿದ್ದ ಮಾನವ ಪ್ರಯೋಗಗಳನ್ನು ಕೆಲಕಾಲ ತಡೆಹಿಡಿಯಿತು. ಹೋದ ಜೀವ ಮರಳಲಿಲ್ಲ.

ಇದನ್ನು ಕೇಳಿ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಈಗ ಹೇಗೆ ಹುಡುಕಲಿ, ಹೇಳು” ಎಂದಳು. ಒಂದು ನೋಟ್‌ಬುಕ್ ತರಿಸಿದೆ. ಮೂರು ಮನೆ ಗೀಚಿ, ಒಂದೊಂದರಲ್ಲಿ ಪ್ರಶ್ನೆಯ ಒಂದೊಂದು ಮುಖವನ್ನು ಬರೆಸಿದೆ: ರೋಗ, ಲಸಿಕೆ, ಸ್ಥಳ. ಪ್ರತಿ ಮನೆಯ ಕೆಳಗೆ ಆ ವಸ್ತುವಿಗಿರುವ ಹೆಸರುಗಳೆಲ್ಲ ಇಳಿಯಬೇಕು. ಹೊಸ ಹೆಸರು, ಹಳೆಯ ಹೆಸರು, ಸಂಕ್ಷೇಪ, ಅಕ್ಷರಭೇದ ಒಂದೂ ಬಿಡಬಾರದು. ರಕ್ತಸ್ರಾವಕ್ಕಿರುವ ಇಂಗ್ಲಿಷ್ ಪದದಲ್ಲಿ ಬ್ರಿಟಿಷರು ‘ಎ’ ಅಕ್ಷರವೊಂದನ್ನು ಹೆಚ್ಚಾಗಿ ಬರೆಯುತ್ತಾರೆ, ಅಮೆರಿಕದವರು ಬಿಡುತ್ತಾರೆ. ಅಷ್ಟರಿಂದಲೇ ಲೇಖನ ತಪ್ಪಿಹೋಗಬಹುದು. ಒಂದೇ ಮನೆಯ ಹೆಸರುಗಳ ನಡುವೆ ‘ಆರ್’ ಹಾಕಬೇಕು, ಅಂದರೆ ಇದಾದರೂ ಸರಿ, ಅದಾದರೂ ಸರಿ. ಮನೆಮನೆಯ ನಡುವೆ ‘ಆ್ಯಂಡ್’ ಹಾಕಬೇಕು, ಅಂದರೆ ಇದೂ ಇರಬೇಕು, ಅದೂ ಇರಬೇಕು. ಮೊದಲನೆಯದು ಬಲೆಯನ್ನು ಅಗಲ ಮಾಡುತ್ತದೆ, ಎರಡನೆಯದು ಕಿರಿದು ಮಾಡುತ್ತದೆ. ಅವಳು ಮೊದಲು ಕಿರಿದನ್ನೇ ಬೀಸಿದ್ದಳು.

ಇನ್ನೂ ಎರಡು ಮಾತು ಹೇಳಿದೆ. ಒಂದು, ಸಿಕ್ಕ ಒಳ್ಳೆಯ ಲೇಖನದ ಕೊನೆಯಲ್ಲಿ ಲೇಖಕರು ಯಾರನ್ನು ಉಲ್ಲೇಖಿಸಿದ್ದಾರೆಂದು ನೋಡಿ ಹಿಂದಕ್ಕೆ ಹೋಗು. ಆ ಲೇಖನವನ್ನು ಅನಂತರ ಯಾರು ಉಲ್ಲೇಖಿಸಿದರೆಂದು ಹುಡುಕಿ ಮುಂದಕ್ಕೂ ಹೋಗು. ಎರಡು, ಯಾವ ದಿನ, ಯಾವ ಭಂಡಾರದಲ್ಲಿ, ಯಾವ ಪದ ಹಾಕಿ ಹುಡುಕಿದೆ, ಎಷ್ಟು ಸಿಕ್ಕಿತು ಎಂಬುದನ್ನು ದಿನಚರಿಯಂತೆ ಬರೆದಿಡು. “ಇಲ್ಲ” ಎಂದು ಹೇಳುವ ಅಧಿಕಾರ, ಎಲ್ಲೆಲ್ಲಿ ನೋಡಿದೆನೆಂದು ತೋರಿಸಬಲ್ಲವರಿಗೆ ಮಾತ್ರ ಇದೆ. ತೊಡಕಾದರೆ ಗ್ರಂಥಪಾಲರನ್ನು ಕೇಳು. ಕೇಳುವವರು ಬಂದರೆ ಅವರಿಗೂ ಸಂತೋಷ.

ಲೇಖನ ಇದೆಯೆಂದು ತಿಳಿದರೂ ಓದಲು ಸಿಗದಿರುವ ಕಷ್ಟ ನಮ್ಮ ದೇಶದ್ದು ಹಳೆಯದು. ಅದಕ್ಕಾಗಿಯೇ 1952ರಲ್ಲಿ ದೆಹಲಿಯಲ್ಲಿ ‘ಇನ್ಸ್‌ಡಾಕ್’ ಸ್ಥಾಪನೆಯಾಗಿ, ಕೇಳಿದವರಿಗೆ ಲೇಖನಗಳ ಪ್ರತಿ ತೆಗೆದು ಅಂಚೆಯಲ್ಲಿ ಕಳಿಸುತ್ತಿತ್ತು. 2025ರ ಜನವರಿಯಿಂದ ಕೇಂದ್ರ ಸರಕಾರ ಒಂದೇ ಚಂದಾ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ದೇಶದ ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಟ್ಟಿದೆ. ಭಂಡಾರ ಹಿಗ್ಗಿದಷ್ಟೂ ಹುಡುಕುವವರ ಜಾಣ್ಮೆಯೂ ಹಿಗ್ಗಬೇಕು.

ಸ್ಥಳದ ಮನೆಯಲ್ಲಿ ಅವಳು ‘ಶಿಮೋಗ’, ‘ಮೈಸೂರು’ ಎಂದು ಸೇರಿಸಿದಳು. ಲಸಿಕೆಯ ಮನೆಯಲ್ಲಿ ರಷ್ಯದ ಜ್ವರದ ಹೆಸರನ್ನು ಇಳಿಸಿದಳು. ಗುಂಡಿ ಒತ್ತಿದೊಡನೆ 1962ರ ವರದಿ ತೆರೆಯ ಮೇಲೆ ಬಂದಿತು. ಕೂಡಲೇ, “ಅಜ್ಜಿ, ನಮ್ಮೂರಿನ ವಿಷಯ ಸಿಕ್ಕಿತು!” ಎಂದು ಒಳಗೆ ಓಡಿದಳು.

ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಈ ಕಾಯಿಲೆ ಇಂದು ಶಿವಮೊಗ್ಗದ ಗಡಿ ದಾಟಿದೆ. ಕೇರಳ, ಗೋವ ಸೇರಿ, 2016ರಲ್ಲಿ ನಮ್ಮ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಬಂದಿತು. ಅಲ್ಲಿಯವರು ಅದನ್ನು ‘ಮಾಕಡತಾಪ’ ಎನ್ನುತ್ತಾರೆ. ಹಳ್ಳಿಯ ಆರೋಗ್ಯ ಕೇಂದ್ರದ ದಾಖಲೆ, ಊರಿನ ಪತ್ರಿಕೆ, ಮುದುಕರ ನೆನಪು, ಇವುಗಳಲ್ಲಿ ರೋಗಕ್ಕಿರುವುದು ಕನ್ನಡದ ಹೆಸರು, ಮರಾಠಿಯ ಹೆಸರು. ಇವು ಯಾವ ಅಮೆರಿಕದ ಸೂಚಿಗೂ ಏರಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳು ಆ ಮೂರೂ ಹೆಸರುಗಳನ್ನು ಬಲ್ಲರು. ಮನೆಯ ಮಾತನ್ನು ಅವರು ಮರೆತರೆ ಆ ನೋಟ್‌ಬುಕ್ಕಿನ ಒಂದು ಮನೆ ಖಾಲಿ ಉಳಿಯುತ್ತದೆ. ಅವಳು ಬಾರಾಮತಿಗೆ ಹೊರಟ ದಿನ ರೋಗದ ಮನೆಯ ಕೆಳಗೆ, ಕನ್ನಡ ಅಕ್ಷರದಲ್ಲೇ, ‘ಮಂಗನ ಕಾಯಿಲೆ’ ಎಂದು ಬರೆದುಕೊಂಡಿದ್ದನ್ನು ಕಂಡು ನನಗೆ ಸಮಾಧಾನವಾಯಿತು.