ಹುಟ್ಟುಹಬ್ಬಕ್ಕ ಥೀಮ್ ಎಲ್ಲಿಂದ ಬಂತು?

ನಮ್ಮ ಅವ್ವನ ಹುಟ್ಟಿದ ತಾರೀಖು ಜೂನ್ 1. ನಮ್ಮ ದೊಡ್ಡಪ್ಪಂದೂ ಜೂನ್ 1, ಹಿಂದಿನ ಓಣ್ಯಾಗಿದ್ದ ಮಾಸ್ತರಂದೂ ಜೂನ್ 1. ನಿಮ್ಮ ಮನ್ಯಾಗೂ ಒಬ್ಬಿಬ್ಬರು ಇರ್ತಾರ, ಹಳೇ ಸರ್ಟಿಫಿಕೇಟ್ ತಗದು ನೋಡ್ರಿ. ಹಂಗಂತ ಇವರೆಲ್ಲಾ ಒಂದೇ ದಿನ ಹುಟ್ಟಿದವರಲ್ಲ. ಸಾಲಿಗೆ ಹೆಸರು ಹಚ್ಚೋ ಮುಂದ ಹೆಡ್ ಮಾಸ್ತರು "ಯಾವಾಗ ಹುಟ್ಟ್ಯಾಳ?" ಅಂತ ಕೇಳಿದ್ರ "ಕಾರಹುಣ್ಣಿವಿ ಆಗಿ ನಾಕು ದಿನಕ್ಕ, ಭಾಳ ಮಳಿ ಆತಲ್ಲ ಆ ವರ್ಷ" ಅಂತ ಅಜ್ಜ ಹೇಳ್ತಿದ್ದ. ಮಾಸ್ತರು ಸಾಲಿ ಸುರು ಆಗೋ ಹೊತ್ತಿಗೆ ವಯಸ್ಸು ಕೂಡಿ ಬರೂ ಹಂಗ ಲೆಕ್ಕಾ ಹಾಕಿ ಜೂನ್ 1 ಅಂತ ಬರಕೋತಿದ್ರು. ಇಡೀ ದೇಶಕ್ಕ ಅಂತ ಜನನ-ಮರಣ ನೋಂದಣಿ ಕಾಯ್ದೆ ಆದದ್ದೇ 1969ರಾಗ.

ತಾರೀಖು ಗೊತ್ತಿರಲಿಲ್ಲ ಅಂದಮಾತ್ರಕ್ಕ ಹುಟ್ಟಿದ ದಿನ ಇರಲಿಲ್ಲ ಅಂತಲ್ಲ. ತಿಥಿ ಇತ್ತು, ನಕ್ಷತ್ರ ಇತ್ತು. ಅವತ್ತು ನಸುಕಿನಾಗ ಎಬ್ಬಿಸಿ ಎಣ್ಣಿ ಹಚ್ಚಿ ಎರೀತಿದ್ರು. ಇದ್ದದ್ದರಾಗ ಛಲೋ ಅಂಗಿ ಹಾಕಿ ಮಣಿ ಮ್ಯಾಲೆ ಕೂಡಿಸಿ ಆರತಿ ಮಾಡ್ತಿದ್ರು. ಮಾರ್ಕಂಡೇಯನ್ನ, ಅಶ್ವತ್ಥಾಮ ಬಲಿ ವ್ಯಾಸ ಹನುಮಂತ ಮೊದಲಾದ ಏಳು ಚಿರಂಜೀವಿಗಳನ್ನ ನೆನಸಿ, ಎಳ್ಳು ಬೆಲ್ಲ ಕೂಡಿಸಿದ ಹಾಲು ಕುಡಿಲಿಕ್ಕೆ ಕೊಡ್ತಿದ್ರು. ಒಂದು ಪಾಯಸ. ಮುಗೀತು. ಓಣಿ ಹುಡುಗ್ರನ್ನ ಕರೆಯೋದು, ಕಾಣಿಕಿ, ಬಲೂನು, ಇವು ಯಾವೂ ಇರಲಿಲ್ಲ. ಹುಡುಗಗ ಆಯುಷ್ಯ ಬರಲಿ ಅನ್ನೋದಷ್ಟೇ ಅವತ್ತಿನ ಕೆಲಸ.

ಬರೂ ತಿಂಗಳು ನನ್ನ ಮೊಮ್ಮಗಗ ಐದು ತುಂಬ್ತಾವ. ಹುಬ್ಬಳ್ಳಿ ವಿದ್ಯಾನಗರದಾಗಿರೂ ಮಗಳು ದಿನಾ ಫೋನ್ ಮಾಡ್ತಾಳ, ಮಾತೆಲ್ಲಾ ಒಂದೇ: ಥೀಮ್ ಏನು ಇಡೋಣು? ಜಂಗಲ್ ಥೀಮ್, ಸಮುದ್ರ ಥೀಮ್, ಕಾರ್ಟೂನ್ ಥೀಮ್. ಒಬ್ಬ ಇವೆಂಟಿನಾಂವ ಬಂದು ನೋಡಿ ಹೋದ. ಅಂವ ಹೇಳಿದ ರೊಕ್ಕ ನಮ್ಮ ಮನಿಯವರ ಎರಡು ತಿಂಗಳ ಪೆನ್ಶನ್. ಅಳಿಯಂದ್ರು ಏನೂ ಅನ್ನಲಿಲ್ಲ, ಆದ್ರ ಅವರು ಸುಮ್ಮನಿರೂ ರೀತಿ ನೋಡಿದ್ರನೇ ತಿಳೀತದ. ಮಗಳದೂ ಹಟ ಅಲ್ಲ, ಅಂಜಿಕಿ. "ಅವ್ವಾ, ಅಪಾರ್ಟ್‌ಮೆಂಟಿನ ಎಲ್ಲಾ ಹುಡುಗ್ರದೂ ಆಗೇದ. ನಂದ್ಯಾಕ ಇಲ್ಲ ಅಂತ ಇಂವ ಕೇಳಿದ್ರ ಏನು ಹೇಳ್ಲಿ?" ಅಂದ್ಲು. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ಬ್ಯಾಡ ಅನ್ನೋದು ಸಸಾರ. ಅದಕ್ಕಿಂತ ಮೊದಲು ಈ ಥೀಮ್ ಅನ್ನೋದು ಯಾರ ಮನ್ಯಾಗ ಹುಟ್ಟಿತು ಅಂತ ತಿಳಕೊಳ್ಳಿಕ್ಕೆ ಕುಂತೆ. ಸಿಕ್ಕಿದ್ದನ್ನ ನಿಮ್ಮ ಮುಂದೂ ಇಡ್ತೀನಿ.

ಭಾಳ ಹಳೇದು ಲಗೂನ ಹೇಳಿ ಮುಗಸ್ತೀನಿ. ಪರ್ಷಿಯಾದ ಮಂದಿ ವರ್ಷದ ಎಲ್ಲಾ ದಿನಕ್ಕಿಂತ ತಾವು ಹುಟ್ಟಿದ ದಿನಾನೇ ದೊಡ್ಡದು ಅಂತಿದ್ರು, ಸಾವಕಾರ್ರು ಇಡೀ ಎತ್ತು, ಕುದುರಿ, ಒಂಟಿ ಒಲ್ಯಾಗ ಬೇಯಿಸಿ ಬಡಸ್ತಿದ್ರು ಅಂತ ಗ್ರೀಕರ ಹೆರೊಡೊಟಸ್ ಬರದಾನ. ರೋಮನ್ನರೂ ಗೆಳ್ಯಾರನ್ನ ಕರೀತಿದ್ರು. ಅದರಾಗ ನನಗ ಮನಸ್ಸಿಗೆ ಹಿಡಿದದ್ದು ಒಂದು ಸಣ್ಣ ಹಲಿಗಿ. ಇಂಗ್ಲೆಂಡಿನ ಉತ್ತರಕ್ಕ ವಿಂಡೊಲಾಂಡಾ ಅಂತ ರೋಮನ್ ಸೈನ್ಯದ ಠಾಣೆ ಇತ್ತು. ಕ್ರಿ.ಶ. 100ರ ಆಸುಪಾಸು ಕ್ಲಾಡಿಯಾ ಸೆವೆರಾ ಅನ್ನೋ ಹೆಣ್ಣುಮಗಳು, ಸೆಪ್ಟೆಂಬರ್ 11ಕ್ಕ ನನ್ನ ಹುಟ್ಟಿದ ದಿನ ಅದ, ತಪ್ಪದ ಬಾ ಅನ್ನೋ ಅರ್ಥದಾಗ ಗೆಳತಿ ಸುಲ್ಪಿಸಿಯಾ ಲೆಪಿಡಿನಾಗ ಕಾಗದ ಕಳಿಸ್ಯಾಳ. ಕಾಗದ ಅಂದ್ರ ತೆಳ್ಳನ ಕಟಗಿ ಹಲಿಗಿ, ಮಸಿ ಬರವಣಿಗಿ. ಮುಖ್ಯ ಭಾಗ ಬ್ಯಾರೆಯವರ ಕೈಲೆ ಬರಸ್ಯಾಳ, ಕೊನಿಗೆ ಎರಡು ಮಾತು ತನ್ನ ಸ್ವಂತ ಕೈಲೆ. ಹೆಣ್ಣುಮಕ್ಕಳು ಬರದ ಲ್ಯಾಟಿನ್ ಕೈಬರಹ ಇಷ್ಟು ಹಳೇದು ಸಿಗೋದು ಭಾಳ ಅಪರೂಪ. ಈಗ ಬ್ರಿಟಿಷ್ ಮ್ಯೂಸಿಯಂನಾಗ ಇಟ್ಟಾರ. ಗಂಡ ಸೈನ್ಯದಾಗ, ಊರು ಪರದೇಶ, ಗೆಳತಿ ಬ್ಯಾರೆ ಠಾಣ್ಯಾಗ. ಆಕಿಗೆ ಬೇಕಾಗಿದ್ದು ಗೆಳತಿ ಬರೋದು, ಅಷ್ಟೇ.

ನಮ್ಮ ಕಡೆ ರಾಜ-ಮಹಾರಾಜರದು ಬ್ಯಾರೆನೇ ಥಾಟು. ಅಕ್ಬರನ್ನ ವರ್ಷಕ್ಕ ಎರಡು ಸಲ ತಕ್ಕಡ್ಯಾಗ ತೂಗ್ತಿದ್ರು, ಸೂರ್ಯನ ಲೆಕ್ಕದ ಹುಟ್ಟಿದ ದಿನ ಒಮ್ಮೆ, ಚಂದ್ರನ ಲೆಕ್ಕದ್ದು ಇನ್ನೊಮ್ಮೆ. ತೂಗಿದ ಬಂಗಾರ, ದವಸ ಎಲ್ಲಾ ದಾನ. ರಾಜನ ಮಕ್ಕಳಿಗೆ ಎರಡು ವರ್ಷ ಆದ ಮ್ಯಾಲೆ ತೂಗೋದು ಸುರು. ಮೊದಲ ಸಲ ಒಂದೇ ಸಾಮಾನು, ಆಮ್ಯಾಲೆ ವರ್ಷಕ್ಕೊಂದು ಹೆಚ್ಚಿಗಿ, ಅಂತ ಅಬುಲ್ ಫಜಲ್ ಐನ್-ಇ-ಅಕ್ಬರಿಯೊಳಗ ಬರದಿಟ್ಟಾನ. ಜಹಾಂಗೀರನ್ನ ತೂಗಿದ್ದನ್ನ 1617ರಾಗ ಮಾಂಡೂದಾಗ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಕಣ್ಣಾರೆ ಕಂಡಾನ. ಹುಟ್ಟುಹಬ್ಬಕ್ಕ 'ಸಾಲ್‌ಗಿರಹ' ಅಂತಾರಲ್ಲ, ಹಂಗಂದ್ರ ವರ್ಷದ ಗಂಟು. ವರ್ಷಕ್ಕೊಂದು ಗಂಟು ದಾರಕ್ಕ ಹಾಕೋದು. ಮೈಸೂರಾಗ ಮಹಾರಾಜರ ವರ್ಧಂತಿ. ಇವೆಲ್ಲಾ ದೊಡ್ಡವರ ಸಂಭ್ರಮ, ಇಲ್ಲಾ ದೊಡ್ಡವರ ಮಕ್ಕಳ ಸಂಭ್ರಮ. ಸಾಮಾನ್ಯರ ಮನಿ ಹುಡುಗ ನಡುವ ಕೂತು, ಸುತ್ತ ಅವನ ವಾರಿಗಿಯವರು ಕುಣಿಯೋದು ಇದರಾಗ ಎಲ್ಲೂ ಇಲ್ಲ.

ಅದು ಕಾಣೋದು ಜರ್ಮನಿಯೊಳಗ, 18ನೇ ಶತಮಾನದಾಗ. ಕಿಂಡರ್‌ಫೆಸ್ಟ್ ಅಂತಾರ, ಮಕ್ಕಳ ಹಬ್ಬ. ಕೇಕಿನ ಮ್ಯಾಲೆ ವರ್ಷಕ್ಕೊಂದು ಮೇಣಬತ್ತಿ, ಬರೂ ವರ್ಷಕ್ಕ ಅಂತ ಇನ್ನೊಂದು. ಕವಿ ಗಯಟೆಯ ಒಂದು ಹುಟ್ಟಿದ ದಿನಕ್ಕ ಗೋಥಾ ಊರಿನ ರಾಜಮನೆತನದವರು ಸುಮಾರು 50 ಮೇಣಬತ್ತಿ ಹಚ್ಚಿದ ಕೇಕು ತರಿಸಿದ್ರು. (ನಮ್ಮ ಅವ್ವಗ ಈ ಪದ್ಧತಿ ಕೊನಿತನಕ ಒಗ್ಗಲಿಲ್ಲ. "ಹುಟ್ಟಿದ ದಿನ ದೀಪಾ ಹಚ್ಚೋದು ಬಿಟ್ಟು ಆರಸ್ತಾರೇನವಾ?" ಅಂತಿದ್ಲು.) ಎಲ್ಲಾರೂ ಹಾಡೋ ಹಾಡಿನ ರಾಗ ಮಾತ್ರ ಅಮೆರಿಕಾದ್ದು. ಕೆಂಟಕಿ ರಾಜ್ಯದ ಲೂಯಿವಿಲ್‌ನಾಗ ಪ್ಯಾಟಿ ಹಿಲ್ ಅಂತ ಬಾಲವಾಡಿ ಬಾಯಾರು, ಅಕ್ಕ ಮಿಲ್ಡ್ರೆಡ್ ಕೂಡ ಸೇರಿ ಮುಂಜಾನೆ ಸಾಲಿಗೆ ಬರೂ ಮಕ್ಕಳಿಗೆ ನಮಸ್ಕಾರ ಹೇಳೋ ಹಾಡು ಕಟ್ಟಿದ್ರು. 1893ರಾಗ ಅಚ್ಚಾತು. ಹುಟ್ಟುಹಬ್ಬದ ಮಾತು ಅದಕ್ಕ ಹಿಂದಾಗಡೆ ಕೂಡಿದ್ದು. ಆ ಮಾತಿನ ಮ್ಯಾಲೆ ಒಂದು ಸಂಗೀತ ಕಂಪನಿ ಭಾಳ ವರ್ಷ ರೊಕ್ಕಾ ವಸೂಲಿ ಮಾಡ್ತು, ಆ ಹಕ್ಕು ಸಿಂಧು ಅಲ್ಲ ಅಂತ ಅಮೆರಿಕಾದ ಕೋರ್ಟು ಹೇಳಿದ್ದು 2015ರಾಗ!

ಬಾಲವಾಡಿ ಇಲ್ಲೆ ಬಂದದ್ದು ಸುಮ್ಮನ ಅಲ್ಲ. 19ನೇ ಶತಮಾನದಾಗ ಆ ದೇಶಗಳೊಳಗ ಸಾಲಿ ಅಂದ್ರ ಒಂದೇ ವಯಸ್ಸಿನ ಹುಡುಗ್ರು ಒಂದೇ ವರ್ಗದಾಗ ಕೂಡೋದು ಅಂತಾತು. ವಯಸ್ಸಿನ ಲೆಕ್ಕ ಬಂತು, ವಾರಿಗಿಯವರ ಗುಂಪು ಬಂತು. ಆ ಗುಂಪನ್ನ ಮನಿಗೆ ಕರದ್ರ ಪಾರ್ಟಿ. ನಮ್ಮ ಜೂನ್ 1ರ ಮಂದಿಗೂ ತಾರೀಖು ಕೊಟ್ಟದ್ದು ಸಾಲಿನೇ ಅಲ್ಲೇನ್ರಿ?

ಇನ್ನ ಥೀಮ್. ಇದರ ಹಿಂದ ನನಗ ಸಿಕ್ಕಿದ್ದು ಒಂದು ಡಬ್ಬಿ ಕಂಪನಿ. 1844ರಾಗ ಅಮೆರಿಕಾದ ಮೇಯ್ನ್ ರಾಜ್ಯದಾಗ ಡೆನಿಸನ್ ಅನ್ನೋ ಮನೆತನದವರು ಬಂಗಾರದ ಅಂಗಡಿಯವರಿಗೆ ದಾಗೀನಾ ಇಡೋ ಸಣ್ಣ ರಟ್ಟಿನ ಡಬ್ಬಿ ಮಾಡ್ಲಿಕ್ಕೆ ಸುರು ಮಾಡಿದ್ರು. ಮುಂದ ಚೀಟಿ, ಲೇಬಲ್ಲು. ಮುಂದ ಬಣ್ಣಬಣ್ಣದ ಕ್ರೇಪ್ ಪೇಪರ್, ನಮ್ಮ ಸಾಲಿ ಗ್ಯಾದರಿಂಗಿಗೆ ಸುಕ್ಕು ಸುಕ್ಕಿನ ಕಾಗದ ಕಟ್ತಿದ್ದೆವಲ್ಲ, ಅದೇ. ಕಾಗದ ಮಾಡಿದ್ರು ಸರಿ, ತಗೊಳ್ಳೋರು ಬೇಕಲ್ಲ? ಅದಕ್ಕ ಪುಸ್ತಕ ಅಚ್ಚು ಹಾಕಿಸಿದ್ರು. ಅಲ್ಲಿಯ ದೆವ್ವದ ಹಬ್ಬ ಹ್ಯಾಲೊವೀನಿಗೆ 1909ರಾಗ ಮೊದಲ ಪುಸ್ತಕ. 1920ರ ದಶಕಕ್ಕ ಬರೇ ಪಾರ್ಟಿಗಂತನೇ ಒಂದು ಪತ್ರಿಕೆ. ಮೇಜಿನ ಹಾಸು, ಟೊಪ್ಪಿಗಿ, ವೇಷ, ಆಟ ಎಲ್ಲಾ ಒಂದೇ ಕಲ್ಪನಾಕ್ಕ ಹೊಂದಬೇಕು, ಮತ್ತ ಎಲ್ಲಾ ಕಾಗದದಾಗೇ ಮಾಡಬೇಕು! ಮಂದಿಯೊಳಗ ಈ ಹುಚ್ಚು ಹಿಡಿಸಿದ್ದರಾಗ ಅವರ ಪಾಲು ದೊಡ್ಡದು.

ವ್ಯಾಪಾರ ಖರೆ. ಆದ್ರ ನಾ ಅವರನ್ನ ಭಾಳ ಬೈಯೂದಿಲ್ಲ. ಕಾಗದ ಅವರದಾದ್ರೂ ಕೈ ಮನಿಯವರದೇ ಇತ್ತು. ಕತ್ರಿ, ಅಂಟು, ಸೂಜಿ ಹಿಡಕೊಂಡು ರಾತ್ರಿ ಕೂತು ಮಾಡಬೇಕಿತ್ತು. ಆ ಕೈ ಬಿಡಿಸಿದ್ದು ಮುಂದ ಬಂದ ಗೊಂಬಿಗಳು. ಮಿಕ್ಕಿ ಮೌಸ್ 1928ರಾಗ ಪರದೆ ಮ್ಯಾಲೆ ಬಂದ. 1932ರಾಗ ಕೇ ಕೇಮನ್ ಅನ್ನೋ ವ್ಯಾಪಾರಸ್ಥನ ಕೈಗೆ ಡಿಸ್ನಿ ಲೈಸೆನ್ಸಿನ ಕೆಲಸ ಕೊಟ್ರು, ಮರುವರ್ಷನೇ ಮಿಕ್ಕಿ ಕೈಗಡಿಯಾರ ಬಂತು. ಅಲ್ಲಿಂದ ಹುಡುಗ್ರ ಸಾಮಾನಿನ ಮ್ಯಾಲೆ ಇಂಥಾ ಮುಖ ಇಲ್ಲದ ವಸ್ತು ಕಡಿಮಿ. ಜಂಗಲ್ ಥೀಮ್ ಅಂದ್ರ ಮನ್ಯಾಗೇ ಹುಲಿ ಬರೀಬಹುದು. ಸಿನಿಮಾದ ಹುಲಿ ಅಂದ್ರ ಅದೇ ಮುಖ ಬೇಕು, ಅದನ್ನ ಕೊಳ್ಳಲಿಕ್ಕೇ ಬೇಕು.

ಹಂಗಂತ ಮನಿ ಕೈ ಪೂರ್ತಿ ಸೋತಿಲ್ಲ. ಆಸ್ಟ್ರೇಲಿಯಾದಾಗ 1980ರಾಗ 'ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ' ಅನ್ನೋ ಹೆಂಗಸರ ಪತ್ರಿಕೆ ಮಕ್ಕಳ ಹುಟ್ಟುಹಬ್ಬದ ಕೇಕಿನ ಪುಸ್ತಕ ತಂತು. ನೂರಕ್ಕ ಮ್ಯಾಲೆ ಕೇಕು, ಮುಖಪುಟದಾಗ ಒಂದು ರೈಲು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗ್ಯಾವ. ಆ ಕೇಕುಗಳು ನೋಡಬೇಕು ನೀವು! ಈಜುಕೊಳ ಅಂದ್ರ ನಡುವ ಜೆಲ್ಲಿ ತುಂಬಿದ್ದು. ಬಾತುಕೋಳಿಗೆ ಕೊಕ್ಕು ಆಲೂಗಡ್ಡಿ ಚಿಪ್ಸಿಂದು, ನೆತ್ತಿ ಮ್ಯಾಲಿನ ಜುಟ್ಟು ಪಾಪ್‌ಕಾರ್ನಿಂದು. ಅಂಗಡಿ ಸಾಮಾನಿಂದ ಯಾವ ತಾಯಿ ಬೇಕಾದ್ರೂ ಮಾಡೂ ಹಂಗಿದ್ದವು, ಮಾಡಿದ್ದು ಸೊಟ್ಟ ಆದ್ರೂ ಹುಡುಗ್ರಿಗೆ ಗುರುತು ಸಿಗ್ತಿತ್ತು. ಹುಟ್ಟುಹಬ್ಬ ಬಂತಂದ್ರ ಹುಡುಗ್ರು ಆ ಪುಸ್ತಕ ಮುಂದಿಟ್ಟುಕೊಂಡು ಪುಟಾ ತಿರುವಿ ಈ ವರ್ಷ ಇದು ಅಂತ ತಾವೇ ಆರಿಸ್ತಿದ್ರು. ಈ ಆರಿಸೋದರಾಗೇ ಅರ್ಧಾ ಹಬ್ಬ ಆಗ್ತದ ಅಂತ ನನಗ ಅನಸ್ತದ. ಇವೆಂಟಿನವರ ಫೋನಿನಾಗ ಫೋಟೋ ನೋಡಿ ಆರಿಸೋರು ನಾವು, ಐದು ವರ್ಷದಾಂವ ಅಲ್ಲ.

ಇದನ್ನೆಲ್ಲಾ ಓದಿ ಮುಗಿಸೋದರಾಗ ಒಂದು ನೆನಪಾತು. ನಮ್ಮ ಮನ್ಯಾಗ ಥೀಮ್ ಇರಲಿಲ್ಲ ಅನ್ನೋದು ಪೂರ್ತಿ ಖರೆ ಅಲ್ಲ. ಸಂಕ್ರಮಣದಾಗ ಸಣ್ಣ ಮಕ್ಕಳಿಗೆ ಬಾರಿಹಣ್ಣು ಎರೀತಾರಲ್ಲ? ಮಹಾರಾಷ್ಟ್ರದ ಕಡೆ ಬೋರನ್ಹಾಣ ಅಂತಾರ, ಮೈಸೂರು ಕಡೆ ಎಲಚಿಹಣ್ಣು ಎರೆಯೋದು. ಕೂಸಿಗೆ ಕರೇ ಬಟ್ಟಿ, ಮ್ಯಾಲೆ ಬೆಳ್ಳನ ಕುಸುರೆಳ್ಳಿನ ಸರ, ಬಳಿ, ಕಿರೀಟ. ಗಂಡಾದ್ರ ಕೈಯಾಗ ಕುಸುರೆಳ್ಳಿನ ಕೊಳಲೂ ಉಂಟು. ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿ, ಚಿಲ್ಲರ್ ರೊಕ್ಕ ಕೂಡಿಸಿ ತಲಿ ಮ್ಯಾಲಿಂದ ಎರೆಯೋದು, ಸುತ್ತ ಕುಂತ ಓಣಿ ಹುಡುಗ್ರು ಮುಕುರಿ ಬಿದ್ದು ಆರಿಸಿಕೊಳ್ಳೋದು. ಎರಡೇ ಬಣ್ಣ, ಒಂದೇ ವೇಷ, ನಡುವ ಕೂಸು, ಸುತ್ತ ಅದರ ವಾರಿಗಿಯವರು. ಹೋಗೂ ಮುಂದ ಎಲ್ಲಾರ ಕಿಸೆದಾಗೂ ಏನರ ಇರ್ತಿತ್ತು, ಅದಕ್ಕ ರಿಟರ್ನ್ ಗಿಫ್ಟ್ ಅನ್ನೋ ಹೆಸರಿರಲಿಲ್ಲ. ಕುಸುರೆಳ್ಳು ಮಾಡ್ಲಿಕ್ಕೆ ನಮ್ಮ ಅತ್ತಿ ಸಣ್ಣ ಉರಿ ಮುಂದ ಎರಡು ದಿನ ಕೂಡ್ತಿದ್ರು, ಒಂದೊಂದು ಹನಿ ಪಾಕ ಬಿಟ್ಟು ಕೈಯಾಡಸ್ತಾ.

ಇದನ್ನ ಮಗಳಿಗೆ ಹೇಳಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅವನ್ನೇ ಕೇಳೋಣು" ಅಂದ್ಲು. ಕೇಳಿದ್ವಿ. ಜಂಗಲ್ ಅಲ್ಲ, ಸಮುದ್ರ ಅಲ್ಲ. "ಚಿಗರಿ ಬಸ್" ಅಂದ.

ನಮ್ಮ ಹೊರಗಿನ ಓದುಗರಿಗೆ ಹೇಳ್ಬೇಕು: ಚಿಗರಿ ಅಂದ್ರ ಹುಬ್ಬಳ್ಳಿ-ಧಾರವಾಡ ನಡುವ 2018ರಿಂದ ಓಡೋ ಎಸಿ ಬಸ್ಸು. ನಡುರಸ್ತೆದಾಗ ಅದಕ್ಕೇ ಬ್ಯಾರೆ ಹಾದಿ, ಎತ್ತರದ ನಿಲ್ದಾಣ. ಅಂವ ಅಜ್ಜಿ ಮನಿಗೆ ಬರೋದು ಅದರಾಗೇ, ನಾ ಹೋಗೋದೂ ಅದರಾಗೇ. ಯಾವ ಇವೆಂಟಿನವರ ಫೋನಿನಾಗೂ ಚಿಗರಿ ಥೀಮ್ ಇಲ್ಲ, ಹಿಂಗಾಗಿ ಮಾಡೋರು ನಾವೇ.

ಈಗಿನ ಲೆಕ್ಕ ಇಷ್ಟು. ಹತ್ತು ಹುಡುಗ್ರು, ಸಂಜಿ 4ರಿಂದ 6. ಕರೆಯೋಲೆ ಬದ್ಲಿ ಟಿಕೀಟು. ಮಗಳು ಬರೀತಾಳ, ಕೆಳಗ ತನ್ನ ಹೆಸರು ಅಂವ ತಾನೇ ಬರಿಬೇಕು. (ಕ್ಲಾಡಿಯಾ ಸೆವೆರಾನ್ನ ನೆನಸಿ ನಾನೇ ಇದಕ್ಕ ಹಟ ಹಿಡದೀನಿ.) ಹಾಲ್‌ನಾಗ ಖುರ್ಚಿ ಎರಡು ಸಾಲು. ಕಂಡಕ್ಟರ್ ಅಳಿಯಂದ್ರು, ಸೀಟಿ ಅಜ್ಜನ ಹತ್ರ. ಒಂದೊಂದು ನಿಲ್ದಾಣಕ್ಕ ಒಂದೊಂದು ಆಟ: ನವಲೂರಿನಾಗ ಪೇರಲಹಣ್ಣು ಆರಿಸೋದು, ಉಣಕಲ್ಲಿನಾಗ ಕೆರಿ-ದಡ, ಧಾರವಾಡದಾಗ ಇಳದ್ರ ಫೇಡೆ. ತಿನ್ನಲಿಕ್ಕೆ ಗಿರಮಿಟ್, ದೊಡ್ಡವರಿಗೆ ಮಿರ್ಚಿ ಭಜಿ, ಇದ್ದಿಲಿ ಬಣ್ಣದ ಬಿಸ್ಕೀಟು ಗಾಲಿ ಹಚ್ಚಿದ ಉದ್ದನ ಕೇಕು. ಕೇಕಿನ ಗಾಲಿ ಉಳೀತಾವೋ ಇಲ್ಲೋ, ನೋಡಬೇಕು. ತಿಥಿ ಬ್ಯಾರೆ ದಿನ ಬರ್ತದ, ಅವತ್ತು ಎಣ್ಣಿ-ನೀರು, ಎಳ್ಳುಬೆಲ್ಲದ ಹಾಲು ನಮ್ಮ ಮನ್ಯಾಗ.

ವಾಷಿಂಗ್ ಮಷಿನ್ನಿನ ದೊಡ್ಡ ರಟ್ಟಿನ ಡಬ್ಬಿ ಶೇಜಾರದವರು ಕೊಟ್ಟಾರ, ಅದೇ ಬಸ್ಸು. ಅಜ್ಜ ಬಾಗಲಾ ಕೊರೀಲಿಕ್ಕೆ ಎಡಗಡೆ ಗೆರಿ ಎಳದ್ರ ಮೊಮ್ಮಗ ಪೆನ್ಸಿಲ್ ಕಸಗೊಂಡ. ಚಿಗರಿಗೆ ನಿಲ್ದಾಣದ ಬಾಗಲಾ ಬಲಗಡೆ ಇರ್ತದಂತ. ಇರೋದು ಖರೇನೇ. ನಾಳೆ ಹೋಗೂ ಮುಂದ ದೊಡ್ಡ ಕತ್ರಿ ಮರೀದ ಒಯ್ಯಬೇಕು, ಅವರ ಮನ್ಯಾಗಿಂದು ರಟ್ಟು ಕತ್ತರಸೂದಿಲ್ಲ.